ಚೈನು ಸವೆಯಿತೇ, ಜಗ್ಗಿತೇ, ಬಿರಿಯಿತೇ? ಲಾಂಗ್‌ವಾಲ್ ಕನ್ವೇಯರ್ ಸರಪಳಿಯ ದೋಷ ಪತ್ತೆ

ಕಲ್ಲಿದ್ದಲು ಗಣಿಯ ಲಾಂಗ್‌ವಾಲ್ ಫೇಸ್‌ನಿಂದ, ಅಂದರೆ ಕಲ್ಲಿದ್ದಲ ಉದ್ದ ಗೋಡೆಯನ್ನು ಪದರ ಪದರವಾಗಿ ಕೆತ್ತುವ ಜಾಗದಿಂದ, ಅಲ್ಲಿ ಕಲ್ಲಿದ್ದಲನ್ನು ಎಳೆದೊಯ್ಯುವ ಕನ್ವೇಯರ್‌ನ ಚೈನಿನ ಬಗ್ಗೆ ಬರುವ ದೂರು ಸಾಮಾನ್ಯವಾಗಿ ಒಂದೇ ಸಾಲಿನದು: ‘ಚೈನು ಉದ್ದ ಆಗಿದೆ’. ಶಿಫ್ಟ್ ಪುಸ್ತಕದಲ್ಲಿ ಅಷ್ಟು ಬರೆದು, ಒಂದೆರಡು ಕೊಂಡಿ ಕಡಿಮೆ ಮಾಡಿ, ಮತ್ತೆ ಬಿಗಿದು ಓಡಿಸಿಬಿಡುತ್ತಾರೆ. ಹದಿನೈದು ದಿನಕ್ಕೆ ಅದೇ ದೂರು ಮತ್ತೆ ಬರುತ್ತದೆ, ಇಲ್ಲವೇ ರಾತ್ರಿ ಪಾಳಿಯಲ್ಲಿ ಚೈನೇ ಹರಿಯುತ್ತದೆ. ಉದ್ದವಾಗಿದೆ ಎಂಬ ಒಂದು ಮಾತಿನ ಹಿಂದೆ ಮೂರು ಬೇರೆ ಬೇರೆ ಸಂಗತಿಗಳಿರಬಹುದು. ಕೊಂಡಿಗಳು ಒಂದನ್ನೊಂದು ತಿಂದು ಸವೆದಿರಬಹುದು. ಉಕ್ಕು ತನ್ನ ಮಿತಿ ಮೀರಿ ಜಗ್ಗಿ ಹಾಗೇ ಉಳಿದಿರಬಹುದು. ಅಥವಾ ಹೊರೆ ಬಿದ್ದಾಗ ಮಾತ್ರ ಹಿಗ್ಗಿ, ಹೊರೆ ಇಳಿದಾಗ ಮೊದಲಿನಂತಾಗುವ ಸಹಜ ಸ್ಥಿತಿಸ್ಥಾಪಕ ಹಿಗ್ಗುವಿಕೆಯೇ ಇರಬಹುದು. ಮೊದಲನೆಯದಕ್ಕೆ ಚೈನು ಬದಲಿಸಬೇಕು. ಎರಡನೆಯದಕ್ಕೆ ಚೈನು ಬದಲಿಸಿದರೂ ಪ್ರಯೋಜನವಿಲ್ಲ, ಹೊರೆ ಎಲ್ಲಿಂದ ಬಂತು ಎಂದು ಹುಡುಕಬೇಕು. ಮೂರನೆಯದಕ್ಕೆ ಬಿಗಿತ ಸರಿಮಾಡಿದರೆ ಸಾಕು. ಯಾವುದು ಯಾವುದೆಂದು ತಿಳಿಯಲು ಒಂದು ಕ್ಯಾಲಿಪರ್ ಮತ್ತು ಅರ್ಧ ಗಂಟೆ ಸಾಕಾಗುತ್ತದೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು 34×126 ಅಳತೆಯ ದುಂಡು ಕೊಂಡಿಯ ಚೈನು. ಅಂದರೆ ಕಂಬಿಯ ವ್ಯಾಸ 34 ಮಿ.ಮೀ., ಕೊಂಡಿಯ ಒಳ ಉದ್ದ, ಅಂದರೆ ಪಿಚ್, 126 ಮಿ.ಮೀ. ಪ್ಯಾನ್‌ಗಳ, ಅಂದರೆ ಕನ್ವೇಯರ್‌ನ ಉಕ್ಕಿನ ದೋಣಿಗಳ, ನಡುವೆ ಎರಡು ಎಳೆ ಅಕ್ಕಪಕ್ಕ ಓಡುವ, ಅವಕ್ಕೆ ಅಡ್ಡಲಾಗಿ ಕಲ್ಲಿದ್ದಲನ್ನು ತಳ್ಳುವ ಪಟ್ಟಿ, ಅಂದರೆ ಫ್ಲೈಟ್ ಬಾರ್, ಕಚ್ಚಿಸಿರುವ ವ್ಯವಸ್ಥೆ. ನಿಮ್ಮದು 26×92 ಅಥವಾ 30×108 ಆಗಿದ್ದರೆ ಅಂಕಿಗಳನ್ನಷ್ಟೇ ಬದಲಿಸಿಕೊಳ್ಳಿ, ತರ್ಕ ಅದೇ. ನಮ್ಮ ಕಡೆಗೆ ಹತ್ತಿರದ ಲಾಂಗ್‌ವಾಲ್ ಎಂದರೆ ತೆಲಂಗಾಣದ ರಾಮಗುಂಡಂ ಬಳಿಯ ಸಿಂಗರೇಣಿಯ ಆಡ್ರಿಯಾಲ ಗಣಿ. ರಾಯಚೂರಿನ ಶಕ್ತಿನಗರದಲ್ಲಿ ಉರಿಯುವ ಕಲ್ಲಿದ್ದಲಲ್ಲೂ ಸಿಂಗರೇಣಿಯ ಪಾಲಿದೆ.

ಕೈ ಹಾಕುವ ಮುನ್ನ

ಬಿಗಿದ ಚೈನು ಎಂದರೆ ಎಳೆದು ಹಿಡಿದಿಟ್ಟ ಶಕ್ತಿ. ಮೋಟಾರಿನ ವಿದ್ಯುತ್ ಕಡಿದು ಬೀಗ ಹಾಕಿದ ಮಾತ್ರಕ್ಕೆ ಆ ಶಕ್ತಿ ಎಲ್ಲಿಗೂ ಹೋಗುವುದಿಲ್ಲ. ಚೈನನ್ನು ಹಿಡಿದು ನಿಲ್ಲಿಸುವ ಸ್ಟಾಪರ್ ಹಾಕಿ, ಬಿಗಿತ ಇಳಿಸಿ, ಚೈನು ನಿಜವಾಗಿ ಸಡಿಲಾಗಿದೆ ಎಂದು ಕಣ್ಣಾರೆ ಕಂಡ ಮೇಲೆಯೇ ಕೈ ಹಾಕಬೇಕು. ಅಲ್ಲಿಯವರೆಗೆ ಚೈನಿನ ನೇರಕ್ಕೆ ಯಾರೂ ನಿಲ್ಲಬಾರದು, ಅದರ ಮೇಲೆ ಹತ್ತಿ ದಾಟಲೂ ಬಾರದು. ಮೇಲ್ಛಾವಣಿ, ಅದನ್ನು ಹೊತ್ತ ಶೀಲ್ಡ್, ಕಲ್ಲಿದ್ದಲು ಕೆತ್ತುವ ಶಿಯರರ್ ಎಲ್ಲದರ ಸ್ಥಿತಿ ಪಾಳಿಯ ಮೇಲ್ವಿಚಾರಕನಾದ ಓವರ್‌ಮನ್ ನೋಡಿ ಒಪ್ಪಬೇಕು. ಇಷ್ಟು ಆಗದಿದ್ದರೆ ಅಳತೆ ನಾಳೆ ತೆಗೆದರಾಯಿತು.

ಕೊಂಡಿ ಹೊರೆ ಹೊರುವ ಬಗೆ

ಅಳೆದ ಅಂಕಿಗೆ ಅರ್ಥ ಬರಬೇಕಾದರೆ ಕೊಂಡಿಯೊಳಗೆ ಏನು ನಡೆಯುತ್ತದೆಂದು ಸ್ವಲ್ಪ ತಿಳಿದಿರಬೇಕು. ಕೊಂಡಿಗೆ ಎರಡು ನೇರ ಕಾಲು, ಎರಡು ತುದಿಯಲ್ಲಿ ಬಾಗಿದ ನೆತ್ತಿ. ಕಾಲು ಮುಗಿದು ಬಾಗು ಶುರುವಾಗುವ ಜಾಗವನ್ನು ಭುಜ ಎನ್ನೋಣ. ಎರಡು ಕಾಲುಗಳ ಅಡ್ಡಕೊಯ್ತದ ವಿಸ್ತೀರ್ಣ ಸೇರಿದರೆ 34 ಮಿ.ಮೀ. ಕಂಬಿಗೆ ಸುಮಾರು 1816 ಚದರ ಮಿ.ಮೀ. ಐಎಸ್‌ಒ 610 ಮಾನಕದ ‘ಸಿ’ ದರ್ಜೆಯಲ್ಲಿ ಪ್ರತಿ ಚದರ ಮಿ.ಮೀ.ಗೆ ಕನಿಷ್ಠ 800 ನ್ಯೂಟನ್ ತಡೆಯಬೇಕು. ಗುಣಿಸಿದರೆ ಒಂದು ಎಳೆ ಮುರಿಯುವ ಬಲ ಸುಮಾರು 1450 ಕಿಲೋನ್ಯೂಟನ್. ‘ಬಿ’ ದರ್ಜೆಗೆ ಇದೇ ಅಂಕಿ 630, ‘ಡಿ’ ದರ್ಜೆಗೆ 1000.

ಆದರೆ ಈ 800 ಎನ್ನುವುದು ಸರಾಸರಿ ಲೆಕ್ಕ. ಕೊಂಡಿ ನೇರ ಕಂಬಿಯಲ್ಲ. ಎಳೆದಾಗ ಅದು ಉದ್ದವಾಗಿ ಸಪೂರವಾಗಲು ನೋಡುತ್ತದೆ: ನೆತ್ತಿಯ ಬಾಗು ಇನ್ನಷ್ಟು ಬಾಗುತ್ತದೆ, ಬದಿಯ ಕಾಲುಗಳು ಒಳಕ್ಕೆ ಸೆಳೆಯಲ್ಪಡುತ್ತವೆ. ಇದರಿಂದ ಎಳೆತದ ಒತ್ತಡ ಎರಡು ಕಡೆ ಸರಾಸರಿಗಿಂತ ಬಹಳ ಮೇಲೇರುತ್ತದೆ. ಒಂದು, ನೆತ್ತಿಯ ಹೊರಮೈ. ಇನ್ನೊಂದು, ಭುಜದ ಒಳಮೈ. ಪಕ್ಕದ ಕೊಂಡಿ ಕುಳಿತಿರುವ ನೆತ್ತಿಯ ಒಳಮೈಯಲ್ಲಿ ಮಾತ್ರ ಒತ್ತುಬಲ. ಬಿರುಕು ಹುಡುಕಲು ಮೊದಲು ಎಲ್ಲಿ ನೋಡಬೇಕು ಎಂಬುದಕ್ಕೆ ಉತ್ತರ ಇಲ್ಲೇ ಇದೆ.

ಕಾರ್ಖಾನೆಯವರಿಗೂ ಇದು ಗೊತ್ತು. ಕಡಿಮೆ ಇಂಗಾಲದ, ಮ್ಯಾಂಗನೀಸ್, ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕಿನ ಕಂಬಿಯನ್ನು ಬಾಗಿಸಿ, ಒಂದು ಕಾಲಿನ ನಡುವೆ ಫ್ಲ್ಯಾಶ್ ಬಟ್ ವೆಲ್ಡ್ ಮಾಡಿ, ಕಾಯಿಸಿ ತಣಿಸಿ ಹದ ಮಾಡಿದ ಮೇಲೆ, ಇಡೀ ಚೈನನ್ನು ಪರೀಕ್ಷಾ ಬಲಕ್ಕೆ ಎಳೆಯುತ್ತಾರೆ. ನಮ್ಮ ಚೈನಿಗೆ ಅದು 1160 ಕಿಲೋನ್ಯೂಟನ್, ಮುರಿಯುವ ಬಲದ 80 ಶೇಕಡಾ. ಈ ಎಳೆತದಲ್ಲಿ ಮೇಲೆ ಹೇಳಿದ ಎರಡು ಜಾಗಗಳು ಬೇಕೆಂದೇ ಮಿತಿ ಮೀರಿ ಜಗ್ಗುತ್ತವೆ, ಉಳಿದ ಭಾಗ ಜಗ್ಗುವುದಿಲ್ಲ. ಬಲ ಬಿಟ್ಟಾಗ ಸುತ್ತಲಿನ ಉಕ್ಕು ಹಿಂದಕ್ಕೆ ಸೆಳೆದು, ಆ ಜಾಗಗಳಲ್ಲಿ ಒತ್ತುಬಲವನ್ನು ಶಾಶ್ವತವಾಗಿ ಉಳಿಸುತ್ತದೆ. ಮುಂದೆ ಕೆಲಸದ ಹೊರೆ ಬಿದ್ದಾಗ ಈ ಉಳಿಕೆ ಒತ್ತುಬಲ ಕರಗಿದ ಮೇಲಷ್ಟೇ ಅಲ್ಲಿ ಎಳೆತ ಶುರು. ಚೈನಿನ ಆಯುಸ್ಸಿನ ದೊಡ್ಡ ಪಾಲು ಈ ಗುಟ್ಟಿನಲ್ಲಿದೆ. ಪಿಚ್ ಎಲ್ಲ ಕಡೆ ಒಂದೇ ಸಮ ಆಗುವುದು ಇದರ ಇನ್ನೊಂದು ಲಾಭ.

ಆದ್ದರಿಂದ ಚೈನಿಗೆ ಗ್ಯಾಸ್ ಕಟರ್ ಬೆಂಕಿ ತಗಲಿತು ಎಂದರೆ ಕೆಲವರು ‘ಮೇಲೆ ಮೇಲೆ ಸ್ವಲ್ಪ ನೀಲಿ ಆಗಿದೆ ಅಷ್ಟೆ’ ಎನ್ನುವುದು ಒಪ್ಪತಕ್ಕ ಮಾತಲ್ಲ. ಆ ಬಿಸಿಗೆ ಉಳಿಕೆ ಒತ್ತುಬಲವೂ ಹೋಯಿತು, ಹದವೂ ಹೋಯಿತು. ವೆಲ್ಡಿಂಗ್ ರಾಡಿನ ಕಿಡಿ ತಾಗಿದ ಕೊಂಡಿಯದೂ ಅದೇ ಕಥೆ: ಅಲ್ಲಿ ಸಾಸಿವೆಯಷ್ಟು ಜಾಗ ಗಾಜಿನಂತೆ ಗಡುಸಾಗಿ, ಅದೇ ಬಿರುಕಿಗೆ ಬೀಜ. ಅಂಥ ಕೊಂಡಿ ಕಂಡರೆ ಅಳತೆ ಬೇಡ, ತೆಗೆದುಬಿಡಿ.

ಮೂರು ಅಳತೆ

ಪ್ರತಿ ತಪಾಸಣೆಯಲ್ಲಿ ಪಿಚ್ ಒಂದನ್ನೇ ಅಳೆದು ರಿಜಿಸ್ಟರ್ ತುಂಬಿಸುವುದು ಎಲ್ಲ ಕಡೆ ಇರುವ ಪದ್ಧತಿ. ಪಿಚ್ ಒಂದರಿಂದ ಸವೆತವೋ ಜಗ್ಗುವಿಕೆಯೋ ಎಂದು ಯಾರೂ ಹೇಳಲಾರರು. ಮೂರು ಅಳತೆ ಬೇಕು.

ಮೊದಲನೆಯದು ಪಿಚ್. ಒಂದು ಕೊಂಡಿಯದಲ್ಲ, ಸಾಲಾಗಿ ಐದು ಕೊಂಡಿಯ ಒಳ ಉದ್ದ ಅಳೆದು ಐದರಿಂದ ಭಾಗಿಸಿ. ಹೊಸ ಚೈನಿನಲ್ಲೇ ಒಂದೊಂದು ಕೊಂಡಿ 1 ಮಿ.ಮೀ. ಹೆಚ್ಚುಕಡಿಮೆ ಇರುತ್ತದೆ. ಅಳೆಯುವಾಗ ಚೈನು ಜೋಲಾಡದಷ್ಟು ಮಾತ್ರ ಎಳೆದಿರಬೇಕು. ಹೊಸ 34×126 ಚೈನಿನಲ್ಲಿ ಐದು ಕೊಂಡಿಗೆ 630 ಮಿ.ಮೀ.

ಎರಡನೆಯದು, ಜೋಡಿ ನೆತ್ತಿಯ ದಪ್ಪ. ಎರಡು ಕೊಂಡಿ ಒಂದರಲ್ಲೊಂದು ಕುಳಿತ ಕಡೆ, ಒಂದರ ನೆತ್ತಿಯ ಹೊರಮೈಯಿಂದ ಇನ್ನೊಂದರ ನೆತ್ತಿಯ ಹೊರಮೈಗೆ. ಹೊಸದರಲ್ಲಿ 34 ಮತ್ತು 34 ಸೇರಿ 68.

ಮೂರನೆಯದು ಒಂದೇ ಕೊಂಡಿಯ ಹೊರ ಉದ್ದ, ತುದಿಯಿಂದ ತುದಿಗೆ. ಹೊಸದರಲ್ಲಿ 126 ಜೊತೆ 68, ಒಟ್ಟು 194.

ಈಗ ಲೆಕ್ಕ ನೋಡಿ. ಕೊಂಡಿಗಳು ಒಂದನ್ನೊಂದು ಉಜ್ಜಿ ಸವೆಯುವುದು ನೆತ್ತಿಯ ಒಳಮೈಯಲ್ಲಿ. ಪ್ರತಿ ನೆತ್ತಿಯಲ್ಲಿ 1 ಮಿ.ಮೀ. ಹೋದರೆ ಕೊಂಡಿಗೆ ಎರಡು ನೆತ್ತಿ ಇರುವುದರಿಂದ ಪಿಚ್ 2 ಮಿ.ಮೀ. ಬೆಳೆಯುತ್ತದೆ. ಜೋಡಿ ನೆತ್ತಿಯ ದಪ್ಪವೂ ಸರಿಯಾಗಿ 2 ಮಿ.ಮೀ. ಇಳಿಯುತ್ತದೆ. ಹೊರ ಉದ್ದ ಮಾತ್ರ ಕದಲುವುದಿಲ್ಲ, ಏಕೆಂದರೆ ಹೊರಮೈಯನ್ನು ಯಾರೂ ಮುಟ್ಟಿಲ್ಲ. ಹಾಗಾಗಿ ನಿಯಮ ಸರಳ: ಪಿಚ್ ಬೆಳೆದಷ್ಟೇ ಜೋಡಿ ದಪ್ಪ ಇಳಿದಿದ್ದರೆ ಪೂರ್ತಿ ಸವೆತ. ಪಿಚ್ ಬೆಳೆದು ಜೋಡಿ ದಪ್ಪ ಇದ್ದಂತೇ ಇದ್ದರೆ ಪೂರ್ತಿ ಜಗ್ಗುವಿಕೆ. ಆಗ ಹೊರ ಉದ್ದವೂ 194 ದಾಟಿರುತ್ತದೆ.

ನಿಜವಾದ ಚೈನುಗಳಲ್ಲಿ ಎರಡೂ ಬೆರೆತಿರುವುದುಂಟು. ಒಂದು ಕಡೆ ಪಿಚ್ 130.0, ಜೋಡಿ ದಪ್ಪ 65.5, ಹೊರ ಉದ್ದ 195.5 ಬಂತು ಎನ್ನಿ. ಪಿಚ್ ಬೆಳೆದದ್ದು 4.0. ಅದರಲ್ಲಿ ಸವೆತದ ಪಾಲು 68 ಕಳೆ 65.5, ಅಂದರೆ 2.5. ಉಳಿದ 1.5 ಜಗ್ಗಿದ್ದು, ಹೊರ ಉದ್ದವೂ ಅದನ್ನೇ ಹೇಳುತ್ತಿದೆ. ಮೂರು ಅಂಕಿ ಹೀಗೆ ಒಂದಕ್ಕೊಂದು ತಾಳೆಯಾಗದಿದ್ದರೆ ಅಳತೆಯಲ್ಲೇ ಎಡವಟ್ಟಾಗಿದೆ: ಕೊಂಡಿಯ ನಡುವೆ ಕಲ್ಲಿದ್ದಲ ಪುಡಿ ಮೆತ್ತಿ ಕೂತಿರಬಹುದು, ಅಥವಾ ಕ್ಯಾಲಿಪರ್ ಓರೆ ಹಿಡಿದಿರಬಹುದು. ಚೈನು ಹಾಕಿದ ದಿನದ ಅಳತೆ ಬರೆದಿಟ್ಟಿದ್ದರೆ 126, 194 ಎಂಬ ಪುಸ್ತಕದ ಅಂಕಿಗಿಂತ ಅದನ್ನೇ ಆಧಾರ ಮಾಡಿಕೊಳ್ಳಿ.

ಎಲ್ಲಿ ಅಳೆಯಬೇಕು? ಚೈನಿನ ತುಂಡುಗಳನ್ನು ಕೂಡಿಸುವ ಕೊಂಡಿಯೇ ಕನೆಕ್ಟರ್. ಕನೆಕ್ಟರ್‌ನಿಂದ ಕನೆಕ್ಟರ್‌ವರೆಗಿನ ಪ್ರತಿ ತುಂಡಿನಲ್ಲೂ ಒಂದು ಕಡೆ, ಎರಡೂ ಎಳೆಯಲ್ಲಿ. ಇಡೀ ಚೈನಿನ ಅಂಕಿಗಳನ್ನು ಸಾಲಾಗಿ ಬರೆದರೆ ಆ ಸಾಲೇ ಅರ್ಧ ಉತ್ತರ ಕೊಡುತ್ತದೆ. ಎಲ್ಲ ಕೊಂಡಿಯೂ ಒಂದೇ ಸ್ಪ್ರಾಕೆಟ್ (ಚೈನನ್ನು ಎಳೆಯುವ ಹಲ್ಲುಚಕ್ರ), ಒಂದೇ ಪ್ಯಾನ್ ಸುತ್ತಿ ಬರುವುದರಿಂದ ಸವೆತ ಉದ್ದಕ್ಕೂ ಹೆಚ್ಚುಕಡಿಮೆ ಸಮನಾಗಿರುತ್ತದೆ. ಜಗ್ಗುವಿಕೆ ಹಾಗಲ್ಲ. ಜಾಮ್ ಆದ ಕ್ಷಣದಲ್ಲಿ ಡ್ರೈವ್‌ಗೂ, ಅಂದರೆ ಮೋಟಾರ್ ಇರುವ ತುದಿಗೂ, ಅಡ್ಡಿಗೂ ನಡುವೆ ಇದ್ದ ತುಂಡು ಮಾತ್ರ ಜಗ್ಗಿರುತ್ತದೆ. ಒಂದು ಕಡೆ ಹಠಾತ್ತನೆ ಅಂಕಿ ಏರಿ, ಕೆಲವು ಮೀಟರ್ ಆದ ಮೇಲೆ ಇಳಿದಿದ್ದರೆ ಸವೆತದ ವಾದವನ್ನು ಅಲ್ಲಿಗೇ ಬಿಡಬಹುದು.

ಕ್ಯಾಲಿಪರ್ ಇಲ್ಲದೆಯೂ ಜಗ್ಗಿದ ಕೊಂಡಿಯನ್ನು ಗುರುತಿಸಲು ಒಂದು ದಾರಿ ಇದೆ. ಜಗ್ಗಿದ ಕೊಂಡಿಯ ಕಾಲುಗಳು ಒಳಕ್ಕೆ ಬಂದು ಕೊಂಡಿ ಸಪೂರವಾಗಿರುತ್ತದೆ. ಅದರೊಳಗಿನ ಪಕ್ಕದ ಕೊಂಡಿ ಸರಾಗ ಆಡದೆ ಬಿಗಿಯುತ್ತದೆ. ಸಡಿಲ ಚೈನನ್ನು ಕೈಯಲ್ಲಿ ಮಡಿಸಿದಾಗ ಒಂದು ಜಾಗ ಮಾತ್ರ ಕೋಲಿನಂತೆ ನಿಂತರೆ ಅಲ್ಲಿ ಗುರುತು ಹಾಕಿ.

ಸವೆತ ಎಷ್ಟಾದರೆ ಚೈನು ತೆಗೆಯಬೇಕು ಎಂಬುದಕ್ಕೆ ತಯಾರಕರ ಕೈಪಿಡಿಯೇ ಪ್ರಮಾಣ. ಸಾಮಾನ್ಯವಾಗಿ ಪಿಚ್ 2ರಿಂದ 3 ಶೇಕಡಾ ಬೆಳೆದರೆ ಸ್ಪ್ರಾಕೆಟ್ ತಕರಾರು ಶುರುವಾಗುತ್ತದೆ. ಹೊಸ ಚೈನು ಮೊದಲ ದಿನಗಳಲ್ಲಿ ಬೇಗ ಸ್ವಲ್ಪ ಉದ್ದವಾಗುವುದು ಸಹಜ. ನೆತ್ತಿಗಳು ಒಂದಕ್ಕೊಂದು ಒತ್ತಿ ಕೂರುತ್ತಿವೆ, ಅಷ್ಟೇ. ಅದಾದ ಮೇಲೂ ಬೆಳವಣಿಗೆಯ ವೇಗ ಇಳಿಯದಿದ್ದರೆ ನೀರು, ಮರಳು, ಅತಿಬಿಗಿತ ಇವನ್ನು ನೋಡಿ. ಗೋದಾವರಿ ಕಣಿವೆಯಂಥ ಕಡೆ ಮರಳುಗಲ್ಲಿನ ಚೂರು ಕಲ್ಲಿದ್ದಲ ಜೊತೆ ಬೆರೆತು ಬಂದರೆ ಅದು ಉಕ್ಕಿಗೆ ಉಜ್ಜುಕಾಗದ.

ಹೊರೆಯಲ್ಲಿ ಸಡಿಲ, ಖಾಲಿಯಲ್ಲಿ ಬಿಗಿ

ಚೈನು ನಿಂತಾಗ ಸರಿಯಾಗಿದೆ, ತುಂಬಿ ಓಡುವಾಗ ಮುಖ್ಯ ಡ್ರೈವಿನ ಕೆಳಗೆ ಗುಡ್ಡೆಯಾಗುತ್ತದೆ ಎಂಬುದು ಇನ್ನೊಂದು ದೂರು. ಇದರಲ್ಲಿ ಬಹುಮಟ್ಟಿಗೆ ಚೈನಿನ ತಪ್ಪಿಲ್ಲ. ಉಕ್ಕು ಹೊರೆಗೆ ಹಿಗ್ಗುವುದೇ ಅದರ ಧರ್ಮ. 250 ಮೀಟರ್ ಉದ್ದದ ಫೇಸ್‌ನಲ್ಲಿ ಕಲ್ಲಿದ್ದಲು ಹೊರುವ ಮೇಲಿನ ಸಾಲು ಸರಾಸರಿ 0.2 ಶೇಕಡಾ ಹಿಗ್ಗಿತು ಎಂದರೂ ಅರ್ಧ ಮೀಟರ್ ಆಯಿತು, ಸುಮಾರು ನಾಲ್ಕು ಪಿಚ್. ಆ ಅರ್ಧ ಮೀಟರ್ ಸ್ಪ್ರಾಕೆಟ್ ದಾಟಿ ಖಾಲಿ ಮರಳುವ ಕೆಳಗಿನ ಸಾಲಿಗೆ ಇಳಿಯುವ ಕಡೆ ಸಡಿಲವಾಗಿ ಕಾಣಿಸುತ್ತದೆ.

ಹಾಗಾಗಿ ಬಿಗಿತ ನೋಡಬೇಕಾದದ್ದು ಪೂರ್ತಿ ಹೊರೆಯಲ್ಲಿ, ಸುರಕ್ಷಿತ ದೂರದಿಂದ. ಆಗ ಸ್ಪ್ರಾಕೆಟ್ ಬಿಟ್ಟ ಕಡೆ ಎರಡು ಕೊಂಡಿಗಿಂತ ಹೆಚ್ಚು ಸಡಿಲ ಇರಬಾರದು ಎಂಬುದು ಚಾಲ್ತಿಯಲ್ಲಿರುವ ಅಂದಾಜು. ಇದಕ್ಕೆ ಹೆದರಿ ಖಾಲಿ ಕನ್ವೇಯರ್‌ನಲ್ಲೇ ವೀಣೆಯ ತಂತಿಯಂತೆ ಬಿಗಿಯುವವರಿದ್ದಾರೆ. ಹಾಗೆ ಕೂಡಿಸಿದ ಬಿಗಿತ ಹೊರೆ ಇರಲಿ ಬಿಡಲಿ ಇಡೀ ಸುತ್ತಿನಲ್ಲೂ ಇರುತ್ತದೆ. ಸವೆತ, ಸ್ಪ್ರಾಕೆಟ್ ಬೇರಿಂಗ್, ವಿದ್ಯುತ್ ಎಲ್ಲಕ್ಕೂ ಅದರ ದಂಡ ಬೀಳುತ್ತದೆ. ನನ್ನ ಮಟ್ಟಿಗೆ ಅತಿ ಸಡಿಲದಷ್ಟೇ ಅತಿ ಬಿಗಿಯೂ ದೋಷ. ಸಡಿಲವಾದದ್ದು ಕಣ್ಣಿಗೆ ಬೀಳುತ್ತದೆ, ಬಿಗಿಯಾದದ್ದು ಬೀಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಜಗ್ಗಿದೆ ಎಂದಾದರೆ ಹೊರೆ ಎಲ್ಲಿಂದ ಬಂತು

‘ಮುರಿಯಲು 1450 ಬೇಕು, ಎರಡು ಎಳೆಗೆ 2900, ನಮ್ಮ ಮೋಟಾರಿಗೆ ಅಷ್ಟು ತಾಕತ್ತೆಲ್ಲಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಲೆಕ್ಕ ಹಾಕಿ ನೋಡೋಣ. ಮುಖ್ಯ ಡ್ರೈವ್‌ನಲ್ಲಿ 600 ಕಿಲೋವ್ಯಾಟ್, ಚೈನಿನ ವೇಗ ಸೆಕೆಂಡಿಗೆ 1.2 ಮೀಟರ್ ಎಂದುಕೊಳ್ಳಿ. ನಷ್ಟ ಬಿಟ್ಟರೆ ಎಳೆಯುವ ಬಲ 600 ಭಾಗಿಸು 1.2, ಅಂದರೆ 500 ಕಿಲೋನ್ಯೂಟನ್. ಜಾಮ್ ಆಗಿ ಮೋಟಾರ್ ತನ್ನ ಗರಿಷ್ಠ ತಿರುಚು ಬಲಕ್ಕೆ, ಮಾಮೂಲಿನ ಎರಡೂವರೆ ಪಟ್ಟಿಗೆ, ಹೋಯಿತು ಎನ್ನಿ. 1250 ಕಿಲೋನ್ಯೂಟನ್. ಎರಡು ಎಳೆ ಸಮನಾಗಿ ಹಂಚಿಕೊಂಡರೆ ತಲಾ 625, ಮುರಿಯುವ ಬಲದ 43 ಶೇಕಡಾ. ಚೈನು ಆರಾಮಾಗಿ ಬದುಕುತ್ತದೆ.

ಈಗ ಒಂದು ಎಳೆ ಇನ್ನೊಂದಕ್ಕಿಂತ ಉದ್ದವಾಗಿದೆ ಎಂದುಕೊಳ್ಳಿ. ಉದ್ದದ ಎಳೆ ಸುಮ್ಮನೆ ಜೊತೆಗೆ ಓಡುತ್ತದೆ, ಗಿಡ್ಡ ಎಳೆ 1250 ಪೂರ್ತಿ ಹೊರುತ್ತದೆ. ಇದು 1450ಕ್ಕಿಂತ ಕಡಿಮೆ, ಆದ್ದರಿಂದ ಮುರಿಯುವುದಿಲ್ಲ. ಆದರೆ ಪರೀಕ್ಷಾ ಬಲವಾದ 1160 ಅನ್ನು ದಾಟಿತು. ಕಾರ್ಖಾನೆಯಲ್ಲಿ ಕಂಡಿರದಷ್ಟು ಎಳೆತವನ್ನು ಕೊಂಡಿ ಈಗ ಕಂಡಿದೆ, ಹೊಸದಾಗಿ ಜಗ್ಗಿ ಹಾಗೇ ಉಳಿಯುತ್ತದೆ. ಗೇರು, ರೋಟರ್ ತಿರುಗುತ್ತಿರುವ ರಭಸದ ಹೊಡೆತ ಇದರ ಮೇಲೆ ಬೇರೆ, ಅದನ್ನು ಇಲ್ಲಿ ಸೇರಿಸಿಲ್ಲ. ಮುರಿತವಿಲ್ಲದೆ ಬರೀ ಜಗ್ಗಿದ ಕೊಂಡಿಗಳು ಸಿಗುವ ಬಹುಪಾಲು ಪ್ರಕರಣಗಳು ಹೀಗೇ ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೇ ಮೋಟಾರ್ ದೊಡ್ಡದಾಯಿತು, ಚೈನು ಸಣ್ಣದಾಯಿತು ಎಂದು ಕಾಗದ ಬರೆಯುವ ಮುನ್ನ ಎರಡು ಎಳೆಗಳ ಉದ್ದ ಅಕ್ಕಪಕ್ಕ ಇಟ್ಟು ನೋಡಬೇಕು.

ಹಂಚಿಕೆ ತಪ್ಪಿದ್ದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಫ್ಲೈಟ್ ಬಾರ್. ಬಾರ್‌ಗಳು ಪ್ಯಾನ್‌ಗೆ ನೇರ ಅಡ್ಡಲಾಗಿರದೆ ಒಂದೇ ಕಡೆಗೆ ಓರೆಯಾಗಿದ್ದರೆ ಎಳೆಗಳು ಸಮ ಇಲ್ಲ. ಇದಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣ, ತಯಾರಕರು ಅಳೆದು ಜೋಡಿ ಮಾಡಿ ಚೀಟಿ ಕಟ್ಟಿ ಕಳಿಸಿದ ತುಂಡುಗಳನ್ನು ಗಣಿಯ ಮೇಲಿನ ಅಂಗಳದಲ್ಲೇ ಬಿಚ್ಚಿ ಬೆರೆಸಿಬಿಡುವುದು. ಎರಡನೆಯದು, ಒಂದು ಎಳೆ ಹಾಳಾದಾಗ ಅದೊಂದನ್ನೇ ಹೊಸದು ಹಾಕುವುದು. ಮೂರನೆಯದು ಫೇಸ್‌ನ ಆಕಾರ: ಕನ್ವೇಯರ್ ಮುಂದಕ್ಕೆ ತಳ್ಳುವಾಗ ಹಾವಿನಂತೆ ಬಳುಕುವ ಕಡೆ ಹೊರಗಿನ ಎಳೆಗೆ ದಾರಿ ಉದ್ದ, ಒಳಗಿನದಕ್ಕೆ ಗಿಡ್ಡ. ಎಳೆಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ಈ ವ್ಯತ್ಯಾಸ ಹೆಚ್ಚು. ಎಳೆಗಳನ್ನು ಅಂಚಿನಿಂದ ಮಧ್ಯಕ್ಕೆ ತಂದ ವಿನ್ಯಾಸ ಗೆದ್ದದ್ದಕ್ಕೆ ಇದೂ ಒಂದು ಕಾರಣ.

ಹಂಚಿಕೆ ಸರಿ ಇದ್ದೂ ಜಗ್ಗಿದ್ದರೆ ಜಾಮ್ ದಾಖಲೆ ನೋಡಿ. ಮೋಟಾರಿನ ಕರೆಂಟ್ ಟ್ರೆಂಡ್ ಸಿಕ್ಕರೆ ಒಳ್ಳೆಯದು. ಜಾಮ್ ಆದಾಗ ಕಲ್ಲು ತೆಗೆಯದೆ ಹಿಂದಕ್ಕೆ ಮುಂದಕ್ಕೆ ಜಗ್ಗಾಡಿಸಿದ್ದಾರೆಯೇ? ಮೋಟಾರಿನ ಹೊಡೆತ ತಗ್ಗಿಸುವ ಫ್ಲೂಯಿಡ್ ಕಪ್ಲಿಂಗ್‌ನ ಎಣ್ಣೆ ಅಥವಾ ನೀರಿನ ಮಟ್ಟ ಸರಿ ಇದೆಯೇ? ಅತಿಹೊರೆಯಲ್ಲಿ ಜಾರಿ ಚೈನನ್ನು ಉಳಿಸುವ ಸ್ಲಿಪ್ ಕ್ಲಚ್ ಇದ್ದರೆ ಅದರ ಸೆಟ್ಟಿಂಗ್ ಯಾರಾದರೂ ಏರಿಸಿದ್ದಾರೆಯೇ? ಕ್ಲಚ್ ಪದೇಪದೇ ಜಾರುತ್ತದೆ ಎಂದು ಅದನ್ನು ಬಿಗಿ ಮಾಡಿದ ದಿನಾಂಕಕ್ಕೂ ಚೈನು ಜಗ್ಗಿದ ದಿನಾಂಕಕ್ಕೂ ಆಗಾಗ ನಂಟಿರುತ್ತದೆ.

ಮುರಿದ ಕೊಂಡಿ

ಮುರಿದ ತುಂಡು ಕೈಗೆ ಬಂದ ಕೂಡಲೇ ಎರಡು ಮೈಗಳನ್ನು ಒಂದಕ್ಕೊಂದು ಕೂಡಿಸಿ ನೋಡುವ ಚಟ ನಮಗೆಲ್ಲ ಇದೆ. ಅದನ್ನು ಮಾಡಬೇಡಿ. ಮುರಿತದ ಮೈಯಲ್ಲಿರುವ ಸೂಕ್ಷ್ಮ ಗುರುತುಗಳು ಆ ಉಜ್ಜಿನಲ್ಲೇ ಅಳಿಸುತ್ತವೆ. ವೈರ್ ಬ್ರಷ್ ಕೂಡ ಬೇಡ. ಫೋಟೊ ತೆಗೆಯಿರಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಮೇಲಕ್ಕೆ ಕಳಿಸಿ. ಮುರಿದ ಕೊಂಡಿಯ ಜೊತೆ ಎರಡೂ ಬದಿಯ ಮೂರು ಮೂರು ಕೊಂಡಿಯೂ ಹೋಗಲಿ. ಕೊಂಡಿ ನಿಂತದ್ದೋ (ಪ್ಯಾನ್‌ಗೆ ಲಂಬ) ಮಲಗಿದ್ದೋ (ಪ್ಯಾನ್‌ಗೆ ಸಮತಲ), ಯಾವ ಎಳೆ, ಕನೆಕ್ಟರ್‌ನಿಂದ ಎಷ್ಟನೆಯದು, ಮುರಿದಾಗ ಮೇಲಿನ ಸಾಲೋ ಕೆಳಗಿನ ಸಾಲೋ, ಇಷ್ಟನ್ನು ಬರೆದುಕೊಳ್ಳಿ.

ಒಂದೇ ಕೊಂಡಿಯಲ್ಲಿ ಎರಡು ಮುರಿತ ಇರುವುದು ಸಾಮಾನ್ಯ, ಏಕೆಂದರೆ ಒಂದು ಕಡೆ ಮುರಿದ ಮೇಲೆ ಇನ್ನೊಂದು ಕಡೆ ಒಂಟಿಯಾಗಿ ನಿಲ್ಲಲಾರದು. ಮೊದಲು ಯಾವುದು ಮುರಿಯಿತು ಎಂದು ತಿಳಿಯಬೇಕು. ಮೊದಲನೆಯದು ಚಪ್ಪಟೆಯಾಗಿ, ಕೆಲವೊಮ್ಮೆ ತುಕ್ಕು ಅಥವಾ ಕಪ್ಪು ಹಿಡಿದಿರುತ್ತದೆ. ಎರಡನೆಯದು ಹೊಳೆಯುವ ತಾಜಾ ಮೈ, ಸುತ್ತ ಬಾಗಿದ, ತಿರುಚಿದ ಗುರುತು. ಎರಡನೆಯದು ಎಷ್ಟೇ ಭಯಂಕರವಾಗಿ ಕಂಡರೂ ಅದರಿಂದ ಕಾರಣ ತಿಳಿಯುವುದಿಲ್ಲ. ಮೊದಲನೆಯದನ್ನೇ ಓದಬೇಕು.

ಮುರಿತದ ಹತ್ತಿರ ಕಂಬಿ ಸಪೂರವಾಗಿ, ಮೈ ಬೂದುಬಣ್ಣದ ನಾರಿನಂತಿದ್ದು, ಅಂಚು ಓರೆಯಾಗಿ ಹರಿದಿದ್ದರೆ ಅದು ಅತಿಹೊರೆ. ಆಗ ಪಕ್ಕದ ಕೊಂಡಿಗಳ ಹೊರ ಉದ್ದವೂ 194ಕ್ಕಿಂತ ಬೆಳೆದಿರಲೇಬೇಕು. ಅವು ಬೆಳೆದಿಲ್ಲವೆಂದರೆ ಅತಿಹೊರೆಯ ತೀರ್ಮಾನಕ್ಕೆ ಬರಬೇಡಿ. ಒಂದೇ ಎಳೆತ ಎಲ್ಲ ಕೊಂಡಿಯಲ್ಲೂ ಹರಿದಿದೆ, ಒಂದು ಮಾತ್ರ ಸೋತಿದೆ ಎಂದರೆ ಆ ಒಂದರಲ್ಲೇ ಮೊದಲಿಂದ ಏನೋ ಇತ್ತು.

ಆ ಏನೋ ಎಂಬುದು ಹೆಚ್ಚಾಗಿ ದಣಿವಿನ ಬಿರುಕು. ಸುತ್ತು 520 ಮೀಟರ್, ವೇಗ 1.2 ಎಂದರೆ ಪ್ರತಿ ಕೊಂಡಿ ಏಳು ನಿಮಿಷಕ್ಕೊಮ್ಮೆ ಸುತ್ತಿ ಬರುತ್ತದೆ. ದಿನಕ್ಕೆ 16 ಗಂಟೆ ಓಡಿದರೆ 133 ಸುತ್ತು, ತಿಂಗಳಿಗೆ 25 ದಿನದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 40,000. ಪ್ರತಿ ಸುತ್ತಿನಲ್ಲೂ ಕೊಂಡಿ ಸಡಿಲದಿಂದ ಪೂರ್ತಿ ಎಳೆತಕ್ಕೆ ಒಮ್ಮೆಯಾದರೂ ಏರಿ ಇಳಿಯುತ್ತದೆ, ಸ್ಪ್ರಾಕೆಟ್ ಹಲ್ಲಿನ ಸಣ್ಣ ಕುಲುಕಾಟ ಬೇರೆ. ಬಿರುಕು ಹುಟ್ಟುವುದು ಆಗಲೇ ಹೇಳಿದ ಎರಡು ಜಾಗದಲ್ಲಿ, ನೆತ್ತಿಯ ಹೊರಮೈ ಅಥವಾ ಭುಜದ ಒಳಮೈ. ಮುರಿತದ ಮೈಯಲ್ಲಿ ಒಂದು ಅಂಚಿನಿಂದ ಶುರುವಾಗಿ ನುಣುಪಾದ ಭಾಗ, ಅದರಲ್ಲಿ ಕೆರೆಯ ದಂಡೆಯಲ್ಲಿ ನೀರಿಳಿದ ಗೆರೆಗಳಂಥ ಸುತ್ತುಗಳು, ಕೊನೆಗೆ ಒರಟಾದ ಭಾಗ ಕಾಣುತ್ತವೆ. ನುಣುಪು ಹೆಚ್ಚು, ಒರಟು ಕಡಿಮೆ ಇದ್ದರೆ ಹೊರೆ ಸಾಧಾರಣವೇ ಇತ್ತು, ಚೈನಿಗೆ ವಯಸ್ಸಾಗಿತ್ತು. ನುಣುಪು ಚಿಕ್ಕದಾಗಿ ಒರಟು ದೊಡ್ಡದಿದ್ದರೆ ಸಣ್ಣ ಬಿರುಕಿನ ಮೇಲೆ ದೊಡ್ಡ ಹೊಡೆತ ಬಿದ್ದಿದೆ. ಸುತ್ತುಗಳ ಮೂಲಕ್ಕೆ ಹೋಗಿ ಅಲ್ಲಿ ಗಾಯ, ತುಕ್ಕಿನ ಗುಳಿ, ಕಿಡಿ ತಾಗಿದ ಗುರುತು ಇದೆಯೇ ನೋಡಿ. ಒಂದೇ ಚೈನಿನಲ್ಲಿ ದಣಿವಿನ ಎರಡನೇ ಮುರಿತ ಕಂಡರೆ ಉಳಿದ ಕೊಂಡಿಗಳೂ ಅಷ್ಟೇ ಸುತ್ತು ಸುತ್ತಿವೆ ಎಂದು ನೆನಪಿಡಿ. ಅಲ್ಲಿಂದ ಮುಂದೆ ಒಂದೊಂದೇ ಕೊಂಡಿ ಬದಲಿಸುತ್ತ ಕೂರುವುದು ಉತ್ಪಾದನೆಗೂ ನಷ್ಟ, ಜನರಿಗೂ ಅಪಾಯ.

ಕಂಬಿ ಸಪೂರವೇ ಆಗದೆ, ಕಲ್ಲುಸಕ್ಕರೆ ಒಡೆದಂತೆ ಹೊಳೆಯುವ ಕಾಳುಕಾಳಾದ ಮೈ ಇದ್ದರೆ ಅದು ಬಿರುಸು ಮುರಿತ. ಕಾಲಿನ ನಡುವೆ ಆಗಿದ್ದರೆ ಆ ಕಾಲು ವೆಲ್ಡ್ ಇರುವುದೋ ನೋಡಿ. ವೆಲ್ಡ್ ಒಂದೇ ಕಾಲಿನಲ್ಲಿರುತ್ತದೆ, ಅಂಚು ಕೆತ್ತಿದ ಸಣ್ಣ ಉಬ್ಬಿನಿಂದ ಗುರುತು ಸಿಗುತ್ತದೆ. ವೆಲ್ಡ್‌ನಲ್ಲೇ ಆಗಿದ್ದರೆ ಆ ಬ್ಯಾಚಿನ ಪರೀಕ್ಷಾ ಪತ್ರ ತೆಗೆದು ತಯಾರಕರಿಗೆ ಬರೆಯಬೇಕು. ಬೇರೆ ಕಡೆ ಆಗಿದ್ದು, ಗಣಿಯ ನೀರು ಆಮ್ಲೀಯವಾಗಿದ್ದರೆ ಒತ್ತಡ ಮತ್ತು ತುಕ್ಕು ಸೇರಿ ಮಾಡುವ ಬಿರುಕಿನ ಗುಮಾನಿ. ಗಡಸುತನ ಹೆಚ್ಚಿದಷ್ಟೂ ಉಕ್ಕು ಈ ಬಿರುಕಿಗೆ ಬೇಗ ಬಲಿಯಾಗುತ್ತದೆ. ಆದ್ದರಿಂದ ‘ಸಿ’ ದರ್ಜೆ ಮುರಿಯುತ್ತಿದೆ, ‘ಡಿ’ ತರಿಸೋಣ ಎಂಬ ಸಲಹೆಗೆ ಒದ್ದೆ ಗಣಿಯಲ್ಲಿ ಒಪ್ಪುವ ಮುನ್ನ ಮುರಿತದ ಮೈ ನೋಡಿ. ಇಂಥ ಕಡೆ ಗಟ್ಟಿ ಚೈನು ಮೊದಲಿನದಕ್ಕಿಂತ ಬೇಗ ಮುರಿದೀತು. ಸಂಶಯ ಬಂದ ಕೊಂಡಿಯ ಗಡಸುತನ ನೋಡುವುದಾದರೆ ಪ್ರಯೋಗಾಲಯದಲ್ಲೇ ನೋಡಲಿ. ಓಡುವ ಚೈನಿನ ನೆತ್ತಿಗೆ ಗ್ರೈಂಡರ್ ಹಿಡಿಯಬೇಡಿ.

ಕನೆಕ್ಟರ್ ಮುರಿದಿದ್ದರೆ ಅದಕ್ಕೆ ಬೇರೆಯೇ ವಿಚಾರಣೆ: ಪಿನ್ ಪೂರ್ತಿ ಕೂತಿತ್ತೇ, ತಯಾರಕರು ಹೇಳಿದ ದಿಕ್ಕಿನಲ್ಲೇ ಇತ್ತೇ, ಹಳೆಯ ಪಿನ್ ಮತ್ತೆ ಬಡಿದು ಕೂರಿಸಿದ್ದರೇ.

ಸ್ಪ್ರಾಕೆಟ್ ಮೇಲೆ ಹಾರುವ ಚೈನು

ಸ್ಪ್ರಾಕೆಟ್‌ನ ಒಂದು ಗುಂಡಿಯಿಂದ ಮುಂದಿನ ಗುಂಡಿಗೆ ಎರಡು ಪಿಚ್, ಅಂದರೆ 252 ಮಿ.ಮೀ. ಪಿಚ್ 3 ಶೇಕಡಾ ಬೆಳೆದ ಚೈನಿನಲ್ಲಿ ಅದು 259.5 ದಾಟುತ್ತದೆ. ಏಳೂವರೆ ಮಿ.ಮೀ. ವ್ಯತ್ಯಾಸಕ್ಕೆ ಮಲಗಿದ ಕೊಂಡಿ ಗುಂಡಿಯಲ್ಲಿ ಕೂರದೆ ಹಲ್ಲನ್ನು ಹತ್ತುತ್ತದೆ, ಹೊರೆ ಹೆಚ್ಚಾದಾಗ ಟಪ್ಪೆಂದು ಜಾರುತ್ತದೆ. ಆ ಒಂದೊಂದು ಜಾರುವಿಕೆಯೂ ಚೈನಿಗೆ ಒಂದೊಂದು ಸುತ್ತಿಗೆ ಪೆಟ್ಟು. ಚೈನು ಸರಿ ಇದ್ದು ಗುಂಡಿಯೇ ಸವೆದಿದ್ದರೂ ಲಕ್ಷಣ ಇದೇ. ಅದಕ್ಕೇ ಗುಂಡಿಯ ಆಕಾರವನ್ನೂ ಟೆಂಪ್ಲೇಟ್ ಇಟ್ಟು ನೋಡಬೇಕು. ಸವೆದ ಸ್ಪ್ರಾಕೆಟ್ ಮೇಲೆ ಹೊಸ ಚೈನು ಹಾಕಿದರೆ ಹೊಸ ಚೈನಿನ ಭುಜಗಳು ಕೆಲವೇ ವಾರದಲ್ಲಿ ಗಾಯಗೊಳ್ಳುತ್ತವೆ. ಬಜೆಟ್‌ನಲ್ಲಿ ಇವೆರಡನ್ನೂ ಬೇರೆ ಬೇರೆ ವರ್ಷಕ್ಕೆ ತಳ್ಳುವುದು ಉಳಿತಾಯದಂತೆ ಕಾಣುತ್ತದೆ, ಆದರೆ ಉಳಿತಾಯವಲ್ಲ.

ಬದಲಿಸುವಾಗ

ಜಗ್ಗಿದ ತುಂಡು ಸಿಕ್ಕಿದರೆ ಆ ತುಂಡನ್ನು ಕನೆಕ್ಟರ್‌ನಿಂದ ಕನೆಕ್ಟರ್‌ಗೆ ಪೂರ್ತಿ ತೆಗೆಯಿರಿ, ಎದುರು ಎಳೆಯ ಅದೇ ತುಂಡನ್ನೂ ತೆಗೆದು ಜೋಡಿಯನ್ನೇ ಹಾಕಿ. ಉಳಿದ ಚೈನು ಈಗಾಗಲೇ 1.5 ಶೇಕಡಾ ಸವೆದಿದ್ದರೆ ಹೊಚ್ಚಹೊಸ ಜೋಡಿಗಿಂತ ಅಷ್ಟೇ ಸವೆದ, ಜಗ್ಗದ, ಬಿರುಕಿಲ್ಲದ ಹಳೆಯ ಜೋಡಿ ಒಗ್ಗುತ್ತದೆ. ಅದಕ್ಕಾಗಿಯೇ ತೆಗೆದ ಚೈನಿನ ಒಳ್ಳೆಯ ತುಂಡುಗಳಿಗೆ ಅಳತೆಯ ಚೀಟಿ ಕಟ್ಟಿ ಎಣ್ಣೆ ಹಾಕಿ ಇಡುವುದು ವಾಸಿ. ಉದ್ದ ಕಡಿಮೆ ಮಾಡುವಾಗ ಒಂದೇ ಕೊಂಡಿ ತೆಗೆಯಲಾಗದು, ನಿಂತದ್ದು ಮಲಗಿದ್ದು ಒಂದಾದ ಮೇಲೊಂದು ಬರಬೇಕಾದ್ದರಿಂದ ಎರಡರ ಲೆಕ್ಕದಲ್ಲೇ ಹೋಗಬೇಕು, ಎರಡೂ ಎಳೆಯಲ್ಲಿ ಒಂದೇ ಜಾಗದಲ್ಲಿ. ಹಾಕುವಾಗ ಚೈನಿನಲ್ಲಿ ತಿರುಚು ಉಳಿದಿಲ್ಲ ಎಂದು ತುದಿಯಿಂದ ತುದಿಗೆ ಕಣ್ಣು ಹಾಯಿಸಿ. ಒಂದು ಸುತ್ತು ಖಾಲಿ ಓಡಿಸಿ, ನಿಲ್ಲಿಸಿ, ಬೀಗ ಹಾಕಿ, ಕನೆಕ್ಟರ್ ಮತ್ತು ಫ್ಲೈಟ್ ಬಾರ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಮೂರು ಅಳತೆಗಳನ್ನೂ ಅದೇ ಪಾಳಿಯಲ್ಲಿ ತೆಗೆದು ತುಂಡಿನ ಸಂಖ್ಯೆಯ ಮುಂದೆ ಬರೆಯಿರಿ. ಮುಂದಿನ ಸಲ ‘ಉದ್ದ ಆಗಿದೆ’ ಎಂದು ದೂರು ಬಂದಾಗ ಕಳೆಯಬೇಕಾದ ಅಂಕಿ ಅದೇ.